ನಾನು ಮೊದಲು ಉಂಡ ಊರು

ಸಿಲೋನಿಗೆ ಹೋಗಿ ಬಂದವಳು ಎಂದು ನಮ್ಮ ನಜರ್‌ಬಾದಿನ ಹೆಂಗಸರು ಈಗಲೂ ನನ್ನನ್ನು ಬೀದಿ ನಲ್ಲಿಯ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಸಮುದ್ರ ಎಷ್ಟು ದೊಡ್ಡದು, ರಾವಣನ ಅರಮನೆ ತೋರಿಸುತ್ತಾರಾ, ಸೀತಮ್ಮ ಕೂತಿದ್ದ ಮರ ಇನ್ನೂ ಇದೆಯಾ. ರಾವಣನ ಅರಮನೆಯನ್ನು ನಾನು ನೋಡಲಿಲ್ಲ. ಸಮುದ್ರ ದೊಡ್ಡದೇ, ಆದರೆ ಅದರ ನೀರು ಕುಡಿಯಲು ಬರುವುದಿಲ್ಲ, ಹಾಗಾಗಿ ಅದರ ಬಗ್ಗೆ ಹೇಳುವುದು ಹೆಚ್ಚೇನೂ ಇಲ್ಲ. ನಾನು ಕಂಡದ್ದನ್ನೂ ಉಂಡದ್ದನ್ನೂ ಬರೆಯುತ್ತೇನೆ. ನನ್ನ ಅಕ್ಷರ ಹೋಟೆಲಿನ ಬೋರ್ಡು ನೋಡಿ ಕಲಿತದ್ದು. ಒತ್ತು ದೀರ್ಘ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಲಿ.

ಹೊರಟದ್ದು

ನಮ್ಮ ಯಜಮಾನರು ನಜರ್‌ಬಾದಿನಲ್ಲಿ ಮಿಲಿಟರಿ ಹೋಟೆಲು ನಡೆಸುತ್ತಿದ್ದರು. ಮುದ್ದೆ, ಕೈಮ ಉಂಡೆ, ತಲೆಮಾಂಸ, ಹೊಳೆಮೀನಿನ ಸಾರು. ಸಾರು ಕುದಿಯುವಾಗ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಉಪ್ಪು ಒಂದು ಕಲ್ಲು ಕಮ್ಮಿ ಎಂದೋ ಧನಿಯ ಸೀದಿದೆ ಎಂದೋ ಹೇಳುತ್ತಿದ್ದರು. ಅಡುಗೆಯವರು ಆ ಮುಚ್ಚಿದ ಕಣ್ಣಿಗೆ ಹೆದರುತ್ತಿದ್ದರು, ಬೈಗುಳಕ್ಕಲ್ಲ.

ಅಂಥವರ ಗಂಟಲಲ್ಲಿ ತುತ್ತು ನಿಲ್ಲಲು ಶುರುವಾಯಿತು. ಮೊದಲು ಮುದ್ದೆ ಇಳಿಯಲಿಲ್ಲ. ಆಮೇಲೆ ಅನ್ನ ಇಳಿಯಲಿಲ್ಲ. ಆಮೇಲೆ ಹಾಲಿನಲ್ಲಿ ನೆನೆಸಿದ ಬನ್ನೂ ನಿಂತಿತು. ಆಸ್ಪತ್ರೆಯ ಡಾಕ್ಟರು ನಮ್ಮ ಮಗನನ್ನು ಆಚೆಗೆ ಕರೆದುಕೊಂಡು ಹೋಗಿ, ಅನ್ನದ ಕೊಳವೆಯಲ್ಲಿ ಗಂಟು ಬೆಳೆದಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದರಂತೆ. ಮಗ ಕಣ್ಣು ಒರೆಸಿಕೊಂಡು ಒಳಗೆ ಬಂದ. ಇವರಿಗೆ ಅಷ್ಟೇ ಸಾಕಾಯಿತು.

"ಅಳೋದು ಆಮೇಲೆ ಅಳೀವಂತೆ ಬುಡು," ಎಂದರು ಮಗನಿಗೆ. "ನಾನು ಸಿಲೋನಿಗೆ ಹೋಗ್ಬೇಕು."

ಅದು ಹಳೆಯ ಹಟ. ಮಹಾರಾಜರ ಕುದುರೆ ಪಡೆಯಲ್ಲಿದ್ದ ಒಬ್ಬ ಸಿಪಾಯಿ ನಮ್ಮ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ. ಯುದ್ಧದ ಕಾಲದಲ್ಲಿ ಸಿಲೋನು ನೋಡಿದ್ದವನು. ಅಲ್ಲಿ ಸಮುದ್ರದ ಮೀನಿಗೆ ಒಂದು ಹುಳಿ ಹಾಕುತ್ತಾರೆ, ಹುಣಸೆಯಲ್ಲ ನಿಂಬೆಯಲ್ಲ, ವಾರ ಇಟ್ಟರೂ ಆ ಮೀನು ಕೆಡುವುದಿಲ್ಲ ಎಂದು ಇವರ ಸಾರನ್ನು ಉಣ್ಣುತ್ತಲೇ ಹೇಳಿದ್ದ. ಇವರಿಗೆ ನಮ್ಮೂರಿನ ಮೀನು ಸಂಜೆಗೇ ಹಳಸುವ ಚಿಂತೆ. ಆ ಹುಳಿ ಯಾವುದು ಎನ್ನುವುದು ಅಂದಿನಿಂದ ತಲೆಯಲ್ಲಿ ಕೂತಿತ್ತು. ನನ್ನ ತಮ್ಮ ಚಿಕ್ಕಣ್ಣ ಕೊಲಂಬೊದಲ್ಲಿ ಟೀ ಅಂಗಡಿ ಇಟ್ಟಿದ್ದ. ಕೇಳಿದ್ದಕ್ಕೆ ಆ ಹುಳಿಗೆ ಕನ್ನಡದಲ್ಲಿ ಹೆಸರಿಲ್ಲ, ಬಂದು ತಿಂದು ನೋಡಿ ಭಾವ ಎಂದು ಬರೆಸಿದ್ದ.

ತಿನ್ನುವ ಶಕ್ತಿ ಇದ್ದಾಗ ಹೋಗಲಿಲ್ಲ. ಹೋಟೆಲಿಗೆ ಬೀಗ ಹಾಕುವ ದಿನ ಸಿಗಲಿಲ್ಲ. ನುಂಗಲಾರದ ಕಾಲಕ್ಕೆ ಹೊರಟೆವು. ಪಾಸ್‌ಪೋರ್ಟಿನ ಫೋಟೋ ತೆಗೆಸುವಾಗ ಅವರ ಕೋಟಿನ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗ ಇತ್ತು.

ಧನುಷ್ಕೋಟಿ

ನಮ್ಮ ಕಡೆಯ ಒಂದು ವಾಡಿಕೆ ಹೇಳಬೇಕು. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು. ಮದುವೆಯಾಗಿ ಹೊಸ್ತಿಲು ದಾಟಿದ ದಿನ ನಮ್ಮತ್ತೆ ಹೇಳಿದ ಮೊದಲ ಮಾತು ಅದೇ. ನನಗೆ ಅದರಿಂದ ಕಷ್ಟವೂ ಇರಲಿಲ್ಲ, ಸುಖವೂ ಇರಲಿಲ್ಲ. ಗಿಡ್ಡ ಬಾಗಿಲಿನ ಮನೆಯವರು ಬಗ್ಗಿ ನಡೆಯುವ ಹಾಗೆ, ಅಭ್ಯಾಸ. ಅವರಿಗಿಂತ ಮುಂಚೆ ಒಂದು ಕಾಳು ಬಾಯಿಗೆ ಹಾಕಿದವಳಲ್ಲ. ಹೋಟೆಲಿನವನ ಹೆಂಡತಿಯಾದರೂ ಸಾರಿನ ಉಪ್ಪು ನೋಡಿದವಳಲ್ಲ.

ಕಾಯಿಲೆ ಬಂದ ಮೇಲೆ ಅವರು ಒಂದು ಲೋಟ ಗಂಜಿ ಕುಡಿಯಲು ಅರ್ಧ ದಿನ ಹಿಡಿಯುತ್ತಿತ್ತು. ಮನೆಯಲ್ಲಿ ಅಷ್ಟೊತ್ತಿಗೆ ಸೊಸೆ ನನ್ನ ಕೈಗೆ ಏನಾದರೂ ತುರುಕುತ್ತಿದ್ದಳು, ಅವರ ಲೋಟದ ತಳದ ಗಂಜಿ ನೆಕ್ಕಿ ಶಾಸ್ತ್ರ ಮುಗಿಸಿ ತಿನ್ನುತ್ತಿದ್ದೆ. ರೈಲಿನಲ್ಲಿ ಸೊಸೆ ಇರಲಿಲ್ಲ. ಅವರು ಕುಡಿದದ್ದು ಉಗಿಯುತ್ತಿದ್ದರು, ಮತ್ತೆ ಕುಡಿಯುತ್ತಿದ್ದರು, ಮತ್ತೆ ಉಗಿಯುತ್ತಿದ್ದರು. ಅವರ ಊಟ ಮುಗಿಯಿತು ಎನ್ನುವ ಹೊತ್ತೇ ಬರಲಿಲ್ಲ. ನಾನು ಬುತ್ತಿಯ ಗಂಟು ಬಿಚ್ಚಲಿಲ್ಲ. ರಾಗಿ ರೊಟ್ಟಿ ಬಟ್ಟೆಯಲ್ಲೇ ಒಣಗಿ ಹೆಂಚಿನ ಚೂರಾಗುತ್ತಿತ್ತು.

ಧನುಷ್ಕೋಟಿ ಎಂದರೆ ಮರಳು, ಗಾಳಿ, ಒಣಮೀನಿನ ವಾಸನೆ. ಕಾಶಿಗೆ ಹೋಗಿ ಬಂದವರು ಇಲ್ಲಿ ಮುಳುಗಿದರೆ ಪುಣ್ಯವಂತೆ. ನಮ್ಮವರು ದಡದಲ್ಲಿ ಕೂತು, ನೀರು ಮುಟ್ಟದೆ, ಗಾಳಿಯನ್ನು ಮೂಸುತ್ತಿದ್ದರು. ಮೀನು ಚೆನ್ನಾಗಿ ಒಣಗಿಲ್ಲ, ಬಿಸಿಲಿಗೆ ಮುಂಚೆ ಉಪ್ಪು ತಿಕ್ಕಿಲ್ಲ ಎಂದರು. ಮೂಗು ಮಾತ್ರ ಇನ್ನೂ ಗಟ್ಟಿ ಇತ್ತು.

ಹಡಗು

ಹಡಗು ಅಲುಗಿತು, ನಾನು ಬಿದ್ದೆ. ಸಮುದ್ರದ ತಲೆಸುತ್ತು ಎಂದು ಎಲ್ಲರೂ ಅಂದುಕೊಂಡರು. ಒಬ್ಬಳು ತಮಿಳು ಮುದುಕಿ ನನ್ನ ಮೂಗಿಗೆ ನಿಂಬೆಹಣ್ಣು ಹಿಡಿದಳು. ಕಣ್ಣು ಬಿಟ್ಟಾಗ ನಮ್ಮವರ ತೊಡೆಯ ಮೇಲೆ ನನ್ನ ತಲೆ ಇತ್ತು. ಅಷ್ಟು ಜನರ ಮುಂದೆ. ಎದ್ದು ಕೂರಲು ಹೋದೆ, ಆಗಲಿಲ್ಲ.

"ಯಾವಾಗ ಉಂಡಿದ್ದೆ ನೀನು?" ಎಂದರು.

"ನೀವು ಉಂಡಾಗ."

"ನಾನು ಉಂಡು ತಿಂಗಳುಗಟ್ಟಲೆ ಆಯ್ತಲ್ಲೇ."

ಅವರು ಬುತ್ತಿ ಬಿಚ್ಚಿದರು. ಒಣಗಿದ ರೊಟ್ಟಿ ನೋಡಿದರು. ಒಂದು ಸಲ ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

"ಇನ್ಮೇಲೆ ನೀನು ಮೊದ್ಲು ಉಣ್ಣು. ನಾನು ಕೂತು ನೋಡ್ತೀನಿ."

"ಪಾಪ ಸುತ್ಕೊಳ್ತದೆ."

"ನಂಗೆ ತಾನೆ ಸುತ್ಕೊಳ್ಳೋದು. ಇನ್ನೂ ಸುತ್ಕೊಳ್ಳಾಕೆ ಎಲ್ಲಿ ಜಾಗ ಅದೆ ಹೇಳು."

ಆದರೂ ನಾನು ಬಾಯಿ ತೆರೆಯಲಿಲ್ಲ. ಅಭ್ಯಾಸ ಎನ್ನುವುದು ಹಸಿವಿಗಿಂತ ದೊಡ್ಡದು. ಹಡಗು ಆಚೆ ದಡ ಮುಟ್ಟುವವರೆಗೂ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ಕೂತಿದ್ದೆ.

ತಲೈಮನ್ನಾರ್

ಹಡಗಿಳಿದ ಮೇಲೆ ಸಾಮಾನು ತಪಾಸಣೆ. ಬಿಳಿ ಚಡ್ಡಿಯ ಅಧಿಕಾರಿ ನಮ್ಮ ಗಂಟು ಬಿಚ್ಚಿಸಿದ. ತಮ್ಮನಿಗೆಂದು ತಂದಿದ್ದ ರಾಗಿ ಹಿಟ್ಟಿಗೆ ಮೊಳಕೈವರೆಗೂ ಕೈ ಹಾಕಿ ತಡಕಿದ. ಏನೂ ಸಿಗದೆ, ಹಿಟ್ಟಿನ ಮೇಲೆಯೇ ಅನುಮಾನ ಬಂತು. ಅಂಥ ಬಣ್ಣದ ಹಿಟ್ಟನ್ನು ಅವನು ನೋಡಿರಲಿಲ್ಲ. ಮೂಸಿದ. ಇನ್ನೊಬ್ಬನನ್ನು ಕರೆದ, ಅವನೂ ಮೂಸಿದ. ಇದು ತಿನ್ನುವಂಥದ್ದು ಎಂದು ನಮ್ಮವರು ಕೈಸನ್ನೆ ಮಾಡಿದರು. ಹಾಗಾದರೆ ತಿಂದು ತೋರಿಸು ಎಂದು ಅವನು ಇವರಿಗೇ ಸನ್ನೆ ಮಾಡಿದ.

ಒಣ ಹಿಟ್ಟು ಅವರ ಗಂಟಲಿಗೆ ಹೋದರೆ ಉಸಿರೇ ನಿಲ್ಲುತ್ತದೆ. ನಾನು ಒಂದು ಹಿಡಿ ಎತ್ತಿ ನನ್ನ ಬಾಯಿಗೆ ಹಾಕಿಕೊಂಡೆ. ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು, ಅಧಿಕಾರಿಯ ಅಂಗಿಯ ಮೇಲೂ ಹಿಟ್ಟು ಹಾರಿತು. ಅವನು ಹೋಗು ಹೋಗು ಎಂದ. ನಮ್ಮವರು ನಕ್ಕರು. ಕಾಯಿಲೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

"ಉಂಡ್ಯಲ್ಲ ಮೊದ್ಲು," ಎಂದರು.

ಹೀಗೆ ಗಂಡನಿಗಿಂತ ಮುಂಚೆ ನಾನು ಉಂಡ ಮೊದಲ ಊಟ ಪರದೇಶದ ನೆಲದಲ್ಲಿ ನಮ್ಮೂರ ಹಸಿ ಹಿಟ್ಟು.

ಕೊಲಂಬೊ

ಚಿಕ್ಕಣ್ಣನ ಮನೆಯ ಬಾಗಿಲು ತೆಗೆದದ್ದು ಒಬ್ಬ ಹೆಂಗಸು. ಮೊಣಕಾಲ ಕೆಳಗೆ ಇಳಿದ ಲುಂಗಿಯಂಥ ಬಟ್ಟೆ, ಬಿಳಿ ರವಿಕೆ. ಅವಳ ಹಿಂದೆ ಬಂದ ತಮ್ಮನಿಗೆ, ಯಾರಿವಳು ಎಂದೆ. ಸೋಮಾವತಿ ಎಂದ. ಹೆಸರು ಕೇಳಲಿಲ್ಲ ಎಂದೆ. ಆಗ ತಲೆ ಬಗ್ಗಿಸಿಕೊಂಡು, ಮದುವೆಯಾಗಿ ಬಹಳ ಕಾಲವಾಯಿತು ಅಕ್ಕ, ಈ ಊರಿನವಳೇ, ಸಿಂಹಳದವಳು ಎಂದ. ನಮ್ಮಪ್ಪ ಅದನ್ನು ತಿಳಿಯದೆಯೇ ಸತ್ತಿದ್ದು ಒಳ್ಳೆಯದಾಯಿತು ಎಂದುಕೊಂಡು ನಾನು ಒಳಗೆ ಹೋಗಿ ಕೂತೆ. ನಮ್ಮಪ್ಪನ ಮನೆಗೆ ಬಂದ ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಜಗಳವಾಡುವುದಕ್ಕೆ ನಾನು ನಿಂತಿದ್ದದ್ದೇ ಅವಳ ಬಾಗಿಲಲ್ಲಿ.

ಅವಳಿಗೆ ಕನ್ನಡ ಬಾರದು, ನನಗೆ ಸಿಂಹಳ ಬಾರದು. ಸಂತೆಯ ತಮಿಳು ಇಬ್ಬರಿಗೂ ಅಷ್ಟಿಷ್ಟು ಬರುತ್ತಿತ್ತು. ಆದರೆ ಬೀದಿಯಲ್ಲಿ ತಮಿಳು ಬೇಡ ಎಂದು ಚಿಕ್ಕಣ್ಣ ಹೇಳಿಬಿಟ್ಟ. ಊರಲ್ಲಿ ಭಾಷೆಯ ಜಗಳ ಹೊಗೆಯಾಡುತ್ತಿತ್ತು. ಬಸ್ಸಿನಲ್ಲಿ ನಾವು ಕನ್ನಡ ಆಡಿದರೂ ಒಬ್ಬ ನಮ್ಮ ಬಾಯನ್ನೇ ನೋಡಿ ಏನೋ ಅಂದ. ಅಕ್ಕ, ಇಳಿಯೋವರೆಗೂ ಸುಮ್ಮನಿರು ಎಂದು ತಮ್ಮ ನನ್ನ ಸೆರಗು ಜಗ್ಗಿದ. ಮೈಸೂರಿನ ಮಾರುಕಟ್ಟೆಯಲ್ಲಿ ಉರ್ದು, ತಮಿಳು, ತೆಲುಗು ಎಲ್ಲದರಲ್ಲೂ ಚೌಕಾಸಿ ಮಾಡಿ ಬೈದು ಬಂದವಳಿಗೆ ಮಾತಾಡಲು ಹೆದರುವ ಊರು ಹೊಸದು.

ಬೆಳಗಿನ ತಿಂಡಿಗೆ ಸೋಮಾವತಿ ಆಪ್ಪ ಎನ್ನುವುದನ್ನು ಮಾಡಿದಳು. ಬಟ್ಟಲಿನ ಆಕಾರದ ದೋಸೆ. ಜೊತೆಗೆ ಕೆಂಪು ಮೆಣಸಿನಕಾಯಿ ಹಾಕಿ ಜಜ್ಜಿದ ತೆಂಗಿನತುರಿ. ನಮ್ಮವರು ನನ್ನೆದುರು ಮಣೆ ಹಾಕಿಕೊಂಡು ಕೂತರು.

"ಎಂಗದೆ?"

"ಚೆನ್ನಾಗದೆ."

"ಚೆನ್ನಾಗದೆ ಅನ್ನೋದು ಒಂದು ರುಚಿಯೇನೇ? ನಲವತ್ತು ವರ್ಷ ನನ್ನ ಎಲೆಲಿ ಉಂಡು ಇಷ್ಟೇ ಕಲ್ತಿದ್ದು?"

ನನಗೆ ಸಿಟ್ಟು ಬಂತು. ನಿಮ್ಮ ಎಲೆಯಲ್ಲಿ ಆರಿದ್ದು ಉಳಿದದ್ದು ಉಂಡವಳಿಗೆ ರುಚಿ ಎಲ್ಲಿಂದ ಬರಬೇಕು ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. ಚಿಕ್ಕಣ್ಣ ಎದ್ದು ಅಂಗಡಿಗೆ ಹೋದ. ಅವನು ಹೋದ ಮೇಲೆ ನಮ್ಮವರೇ, ಮೆತ್ತಗೆ, ಅಂಚು ಮೊದಲು ಮುರಿದು ನೋಡು ಎಂದರು. ಅಗಿಯಬೇಡ, ನಾಲಗೆ ಮೇಲೆ ಇಡು. ಹಿಂದಕ್ಕೆ ಹೋಗುವಾಗ ಯಾವ ರುಚಿ ಮೊದಲು ಬರುತ್ತದೆ ಹೇಳು.

ಅಂಚು ಗರಿಗರಿ, ನಡುವೆ ಮೆತ್ತಗೆ, ಹುದುಗಿನ ಹುಳಿ ಕಡೆಯಲ್ಲಿ ಎಂದೆ. ಹೆಂಡ ಹಾಕಿ ಹುದುಗಿಸಿದ್ದಾರೆ ಎಂದರು. ತೆಂಗಿನತುರಿಯಲ್ಲಿ ಮರದ ಪುಡಿಯಂಥದ್ದು ಹಲ್ಲಿಗೆ ಸಿಗುತ್ತದೆ ಎಂದೆ. ಒಣಮೀನು ಕುಟ್ಟಿದ್ದಾರೆ ಎಂದರು. ಸೋಮಾವತಿಯನ್ನು ಸನ್ನೆಯಲ್ಲಿ ಕೇಳಿದರೆ ಎರಡಕ್ಕೂ ಹೌದೆಂದು ತಲೆ ಆಡಿಸಿದಳು. ನಮ್ಮವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಹೊಟ್ಟೆ ತುಂಬಿದವರ ಹಾಗೆ.

ಅಲ್ಲಿಂದ ಮುಂದೆ ನಾವು ನೋಡಲು ಹೋದದ್ದಕ್ಕಿಂತ ತಿನ್ನಲು ಹೋದದ್ದೇ ಹೆಚ್ಚು. ಸಮುದ್ರದ ದಂಡೆಯಲ್ಲಿ ದೊಡ್ಡ ಹುಲ್ಲಿನ ಬಯಲು, ಸಂಜೆ ಊರಿಗೆ ಊರೇ ಅಲ್ಲಿ. ಗಾಡಿಯವನು ವಡೆಯ ಮೇಲೆ ಸಿಗಡಿ ಒತ್ತಿ ಕರಿಯುತ್ತಿದ್ದ. ಮೀಸೆ, ಕಾಲು, ಕಣ್ಣು ಎಲ್ಲ ಇರುವ ಹುಳ. ತಿನ್ನಲಾರೆ ಎಂದೆ. ಹೋಟೆಲಿನಲ್ಲಿ ಕುರಿಯ ತಲೆ ಸುಟ್ಟು ಕೊಟ್ಟವಳು ಇದಕ್ಕೆ ಹೆದರುತ್ತೀಯಾ ಎಂದು ಹಂಗಿಸಿದರು. ಕಣ್ಣು ಮುಚ್ಚಿ ತಿಂದೆ. ತಲೆ ಕರುಂ ಅಂದಿತು. ಜನ ಪಟ ಹಾರಿಸುವುದನ್ನು ನೋಡಲು ಬಂದಿದ್ದರು, ನಮ್ಮವರು ನನ್ನ ದವಡೆಯನ್ನು ನೋಡುತ್ತಿದ್ದರು. ಕತ್ತಲಾಗುವಾಗ ಅವರ ಟವಲಿನಲ್ಲಿ ರಕ್ತದ ಕಲೆ ಕಂಡೆ. ಅವರು ಮಡಿಸಿ ಜೇಬಿಗಿಟ್ಟರು.

ಕ್ಯಾಂಡಿ

ಹುಳಿ ಮೀನಿಗೆ ಒಳ್ಳೆಯ ಮೀನು ಬೇಕು, ದೋಣಿ ಬರುವವರೆಗೆ ಬೆಟ್ಟದ ಮೇಲಿನ ಊರು ನೋಡಿ ಬನ್ನಿ ಎಂದು ಸೋಮಾವತಿ ಹೇಳಿಸಿದಳು. ಚಿಕ್ಕಣ್ಣ ನಮ್ಮನ್ನು ಕ್ಯಾಂಡಿಗೆ ಕರೆದುಕೊಂಡು ಹೋದ. ಕೆರೆ ಇದೆ, ಕುಕ್ಕರಹಳ್ಳಿ ಕೆರೆಯಷ್ಟು ದೊಡ್ಡದಲ್ಲ, ಕಟ್ಟೆ ಚಂದ. ಅದರ ಪಕ್ಕದಲ್ಲೇ ಬುದ್ಧನ ಹಲ್ಲು ಇಟ್ಟಿರುವ ಗುಡಿ. ಬಿಳಿ ಬಟ್ಟೆಯ ಜನ, ತಟ್ಟೆ ತುಂಬ ಹೂವು, ಒಬ್ಬರೂ ನೂಕಾಡಲಿಲ್ಲ. ನಮ್ಮ ಬೆಟ್ಟದ ಆಷಾಢದ ಶುಕ್ರವಾರದ ನೂಕಾಟ ನೋಡಿದ ನನಗೆ ಇದು ಗುಡಿ ಎಂದೇ ಅನಿಸಲಿಲ್ಲ. ಹಲ್ಲು ಕಾಣಿಸುವುದಿಲ್ಲ. ಚಿನ್ನದ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆಯಂತೆ.

"ಹಲ್ಲಿಗೆ ಇಷ್ಟು ದೊಡ್ಡ ಗುಡಿ ಕಟ್ಟವ್ರೆ," ಎಂದರು ನಮ್ಮವರು. "ಗಂಟಲಿಗೆ ಎಲ್ಲಾದ್ರೂ ಒಂದು ಗುಡಿ ಅದೆಯಾ ಕೇಳು ಚಿಕ್ಕಣ್ಣ, ಹರಕೆ ಕಟ್ಕೊಳ್ಳೋಣ."

ಗುಡಿಯಾಚೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು ಮಾರುತ್ತಿದ್ದರು. ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ, ಮೇಲೆ ಕರಿ ಬೆಲ್ಲದ ಪಾಕ. ನಾನು ತಿಂದು ಹೇಳುತ್ತಿದ್ದೆ, ಪಾಕದಲ್ಲಿ ಸೀಯುವುದಕ್ಕೆ ಸ್ವಲ್ಪ ಮುಂಚಿನ ಕಹಿ ಇದೆ ಎಂದು. ಮೊಸರು ತಾನೆ, ಜಾರುತ್ತದೆ ಎಂದು ಅವರಿಗೆ ಆಸೆ ಹುಟ್ಟಿತು. ನನ್ನ ಕೈಯಿಂದ ಚಮಚ ಕಿತ್ತುಕೊಂಡು ತುಂಬ ತೆಗೆದು ಬಾಯಿಗಿಟ್ಟರು.

ಒಳಗೆ ಹೋಗಲಿಲ್ಲ, ಆಚೆಗೂ ಬರಲಿಲ್ಲ. ಮುಖ ಕಪ್ಪಾಯಿತು. ಎರಡು ಕೈಯಲ್ಲೂ ಗಾಳಿ ಹಿಡಿಯುವವರ ಹಾಗೆ ಆಡಿಸಿದರು. ಚಿಕ್ಕಣ್ಣ ಬೆನ್ನಿಗೆ ಗುದ್ದಿದ. ಪಕ್ಕದ ಬೆಂಚಿನವರು ತಟ್ಟೆ ತೆಗೆದುಕೊಂಡು ದೂರ ಸರಿದರು. ನಾನು ಬೆರಳು ಹಾಕಿ ಎಳೆದೆ. ಮೊಸರು ಬಂತು, ಅದರ ಹಿಂದೆ ರಕ್ತ ಬಂತು. ಹಳದಿ ಬಟ್ಟೆಯ ಒಬ್ಬ ಸನ್ಯಾಸಿ ನೀರು ತಂದು, ಯಾರೂ ಕೇಳದೆಯೇ ನೆಲ ತೊಳೆದು ಹೋದ.

ಅವರು ಆ ಹೊತ್ತು ನನ್ನ ಮುಖ ನೋಡಿದ ರೀತಿಯನ್ನು ನಾನು ಬರೆಯುವುದಿಲ್ಲ. ಹೆದರಿದ್ದರು, ಅಷ್ಟೇ. ಮೊದಲ ಸಲ.

"ಸಾಕು ಕಣೆ," ಎಂದರು ರೈಲಿನಲ್ಲಿ. "ಊರಿಗೆ ಹೋಗ್ಬುಡೋಣ. ಆ ಹುಳಿ ಗಿಳಿ ಏನೂ ಬ್ಯಾಡ."

ಹೂಂ ಎಂದೆ. ಆದರೆ ಒಳಗೆ, ಅದೊಂದನ್ನು ತಿಳಿಯದೆ ಇವರನ್ನು ವಾಪಸು ಕರೆದುಕೊಂಡು ಹೋದರೆ ಮಣ್ಣಿಗೆ ಕರೆದುಕೊಂಡು ಹೋದ ಹಾಗೆಯೇ ಎಂದುಕೊಂಡೆ. ತಮ್ಮನಿಗೆ ಒಂದು ದಿನ ತಡೆ ಎಂದು ಹೇಳಿದೆ.

ಮತ್ತೆ ಕೊಲಂಬೊ

ಹೊರಡುವ ಬೆಳಗ್ಗೆ ಸೋಮಾವತಿ ಕಾಯಿಹಾಲಿನಲ್ಲಿ ಬೇಯಿಸಿದ ಅನ್ನವನ್ನು ತಟ್ಟೆಯಲ್ಲಿ ಹರಡಿ, ಮೈಸೂರುಪಾಕು ಕೊಯ್ಯುವಂತೆ ಕೊಯ್ದಳು. ಒಳ್ಳೆಯ ದಿನಕ್ಕೆ ಅವರಲ್ಲಿ ಅದನ್ನು ಮಾಡುತ್ತಾರಂತೆ. ನಾವು ಹೊರಡುವ ದಿನ ಅವಳಿಗೆ ಒಳ್ಳೆಯ ದಿನವಾಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಜೊತೆಗೆ ಮಣ್ಣಿನ ಮಡಕೆಯಲ್ಲಿ ಮೀನು. ಸಾರಿಲ್ಲ, ನೀರೆಲ್ಲ ಹಿಂಗಿ, ಕಪ್ಪಗೆ, ಕಲ್ಲಿನ ಚೂರುಗಳ ಹಾಗೆ ಕೂತಿತ್ತು. ಬಾಳೆಲೆ ಹಾಕಿ ನನಗೆ ಬಡಿಸಿದಳು. ಈ ಮನೆಯಲ್ಲಿ ಮೊದಲ ಎಲೆ ನನ್ನದು ಎಂದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ನಮ್ಮವರು ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಅವರು ಕೇಳಿಸಿಕೊಳ್ಳಲಿ ಬಿಡಲಿ ಎಂದು ನಾನು ಹೇಳುತ್ತಾ ಹೋದೆ. ಮೊದಲು ಮೆಣಸು. ಆಮೇಲೆ ಹೊಗೆ, ಒಲೆಯ ಮೇಲಿನ ಅಟ್ಟದ ಹೊಗೆ. ಹುಳಿ ತಡವಾಗಿ ಬರುತ್ತದೆ. ಹುಣಸೆಯ ಹಾಗೆ ಹಲ್ಲು ಚುಳ್ಳೆನ್ನಿಸುವುದಿಲ್ಲ, ನಿಂಬೆಯ ಹಾಗೆ ಓಡಿಹೋಗುವುದೂ ಇಲ್ಲ. ಬಂದು ಕೂತುಕೊಳ್ಳುತ್ತದೆ. ಅವರು ಈ ಕಡೆ ತಿರುಗಿದರು.

ಮೀನಿನ ಜೊತೆ ಒಂದು ಕರಿ ಸಿಪ್ಪೆ ಬಾಯಿಗೆ ಸಿಕ್ಕಿತು. ಚೀಪಿ ಎಲೆಯ ಪಕ್ಕಕ್ಕಿಟ್ಟೆ. ಸೋಮಾವತಿ ಅದನ್ನು ತೋರಿಸಿ, ಗೊರಕ ಎಂದಳು. ಅದೇ ಹುಳಿ. ಒಂದು ಹಣ್ಣಿನ ಸಿಪ್ಪೆಯಂತೆ, ಕೊಯ್ದು ಬಿಸಿಲಿಗೆ ಹಾಕಿ ಹೊಗೆಯಲ್ಲಿ ಒಣಗಿಸಿದ್ದು.

ನಮ್ಮವರು ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಎಲೆಗೆ ಕೈ ಹಾಕಿದರು. ಡಬ್ಬದಲ್ಲಿ ಹೊಸ ಸಿಪ್ಪೆ ಇದೆ, ತರುತ್ತೇನೆ ಎಂದು ನಾನು ಎಲೆ ಹಿಂದಕ್ಕೆ ಎಳೆದೆ.

"ಎಂಜಲು ಕಣ್ರೀ ಅದು."

"ನಂಗೊತ್ತು. ಬುಡು ಎಲೆನ."

ನಾನು ಚೀಪಿ ಇಟ್ಟಿದ್ದ ಸಿಪ್ಪೆಯನ್ನು ತೆಗೆದು ಬಾಯಲ್ಲಿಟ್ಟುಕೊಂಡರು. ದವಡೆಯ ಸಂದಿಗೆ ಸೇರಿಸಿ, ಅಗಿಯದೆ, ಸುಮ್ಮನೆ ಕೂತರು. ಚಿಕ್ಕಣ್ಣ ನೆಲ ನೋಡುತ್ತಿದ್ದ. ಗಂಡಸು ಹೆಂಡತಿಯ ಎಲೆಯಿಂದ ಎತ್ತಿಕೊಂಡದ್ದನ್ನು ಅವನೂ ಹುಟ್ಟಿದ ಮೇಲೆ ಕಂಡಿರಲಿಲ್ಲ. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಕ್ಯಾಂಡಿಯ ಮೊಸರು ಕಣ್ಣ ಮುಂದಿತ್ತು. ಹುಳಿಯ ನೀರು ಇಳಿಯಿತು. ಇನ್ನೊಂದು ಸಲ ಇಳಿಯಿತು. ಅವರು ಕಣ್ಣು ಮುಚ್ಚಿದರು. ಹೋಟೆಲಿನ ಒಲೆಯ ಮುಂದೆ ಮುಚ್ಚುತ್ತಿದ್ದ ಹಾಗೆಯೇ.

"ಉಪ್ಪು ಒಂದು ಕಲ್ಲು ಕಮ್ಮಿ," ಎಂದರು.

ಚಿಕ್ಕಣ್ಣ ಅದನ್ನು ಸಿಂಹಳಕ್ಕೆ ತಿರುಗಿಸಿ ಹೇಳಿದ. ಸೋಮಾವತಿ ಮಡಕೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ, ಹೌದೆಂದು ತಲೆ ಆಡಿಸಿದಳು. ಹೊರಡುವಾಗ ಒಂದು ಕಾಗದದಲ್ಲಿ ಗೊರಕ ಕಟ್ಟಿ ನನ್ನ ಕೈಗಿಟ್ಟಳು.

ಮನೆ

ವಾಪಸು ಬರುವ ದಾರಿಯಲ್ಲಿ ಬರೆಯುವಂಥದ್ದು ಏನೂ ಆಗಲಿಲ್ಲ. ಅದೇ ಸಮುದ್ರ, ಅದೇ ಮರಳು. ಅವರು ಮಲಗಿಯೇ ಬಂದರು. ನಾನು ಅವರ ಮುಂದೆಯೇ ಉಂಡುಕೊಂಡು ಬಂದೆ.

ನಜರ್‌ಬಾದಿಗೆ ಬಂದ ಮೇಲೆ ನೀರೂ ನಿಂತಿತು. ದಸರಾಕ್ಕೆ ಮುಂಚೆ ಹೋದರು. ಹಸಿದು ಹೋದರು. ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವುದು ನಮ್ಮ ಪದ್ಧತಿ. ಪಾಸ್‌ಪೋರ್ಟಿನ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಒರಗಿಸಿದ್ದರು, ಸಡಿಲ ಕಾಲರಿನದು. ಮಗ ಮುದ್ದೆ, ಕೈಮ ಮಾಡಿಸಿದ. ನಾನು ಹೊಳೆಮೀನು ತರಿಸಿ, ಗೊರಕ ಅರೆದು, ಮಣ್ಣಿನ ಮಡಕೆಯಲ್ಲಿ ನೀರು ಹಿಂಗುವವರೆಗೆ ಬೇಯಿಸಿದೆ. ಉಪ್ಪು ಒಂದು ಕಲ್ಲು ಹೆಚ್ಚು ಹಾಕಿದೆ.

ಎಡೆಗೆ ಇಡುವ ಅಡುಗೆಯನ್ನು ಯಾರೂ ಮುಂಚೆ ಬಾಯಿಗೆ ಹಾಕುವುದಿಲ್ಲ. ಮೂಸುವುದೂ ಇಲ್ಲ. ಎಲ್ಲರೂ ಫೋಟೋದ ಮುಂದೆ ಕೈಮುಗಿದು ನಿಂತಿದ್ದರು. ನಾನು ಎಲೆಯ ಮುಂದೆ ಕೂತು, ಮಡಕೆಯಿಂದ ಒಂದು ಚೂರು ತೆಗೆದು, ನಾಲಗೆಯ ಮೇಲಿಟ್ಟುಕೊಂಡು ತಿಂದೆ.

ನಮ್ಮ ನಾದಿನಿ ನನ್ನ ಕೈ ಹಿಡಿದುಕೊಂಡಳು.

"ಎಡೆ ಎಂಜಲು ಮಾಡ್ಬುಟ್ಯಲ್ಲ ಅತ್ತಿಗೆ. ನಮ್ಮಣ್ಣ ಎಂಗೆ ಮುಟ್ತಾನೆ ಇದನ್ನ?"

"ನಿಮ್ಮಣ್ಣನೇ ಹೇಳಿರೋದು," ಎಂದೆ. "ಕೈ ಬುಡು."

ಮೆಣಸು ಮೊದಲು ಬಂತು, ಆಮೇಲೆ ಹೊಗೆ, ಆಮೇಲೆ ಹುಳಿ. ಹೊಳೆಮೀನಾದ್ದರಿಂದ ಸ್ವಲ್ಪ ಮಣ್ಣಿನ ವಾಸನೆ ಇತ್ತು. ಉಪ್ಪು ಸರಿಯಾಗಿತ್ತು. ಅದನ್ನೆಲ್ಲ ಫೋಟೋ ನೋಡಿಕೊಂಡು ಬಾಯಿಬಿಟ್ಟು ಹೇಳಿದೆ. ಆಮೇಲೆ ಅವರ ಎಲೆಗೆ ಬಡಿಸಿದೆ.